ಪ್ರಾತಃಪ್ರಾರ್ಥನೆಯೂ ನಿರೀಕ್ಷೆಯೂ: ಕ್ರೈಸ್ತ ಪರಂಪರೆಯ ಒಂದು ಚಾರಿತ್ರಿಕ ವಿವೇಚನೆ

ಕ್ರೈಸ್ತ ಮತದ ಚರಿತ್ರೆಯನ್ನು ನಮ್ಮ ಕಾಲೇಜುಗಳಲ್ಲಿ ಯೂರೋಪಿನ ಚರಿತ್ರೆಯ ಒಂದು ಅಂಗವಾಗಿ ಓದುವುದು ವಾಡಿಕೆ. ಹಾಗೆ ಓದುವಾಗ ಮಹಾಸಭೆಗಳ ನಿರ್ಣಯಗಳು, ಪೋಪರಿಗೂ ಚಕ್ರವರ್ತಿಗಳಿಗೂ ನಡೆದ ಕಲಹಗಳು, ಧರ್ಮಸುಧಾರಣೆ, ಅದರ ಬೆನ್ನಿಗೇ ಬಂದ ಯುದ್ಧಗಳು ಇವೇ ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುತ್ತವೆ. ಆ ಮತವನ್ನು ಅನುಸರಿಸಿದ ಸಾಮಾನ್ಯ ಮನುಷ್ಯನು ಬೆಳಗ್ಗೆ ಎದ್ದೊಡನೆ ಏನು ಮಾಡುತ್ತಿದ್ದನು, ಏನು ಹೇಳುತ್ತಿದ್ದನು ಎಂಬುದಕ್ಕೆ ಪಠ್ಯಪುಸ್ತಕಗಳಲ್ಲಿ ಅರ್ಧ ಪುಟವೂ ದೊರೆಯುವುದಿಲ್ಲ. ಆದರೆ ಸಾಮ್ರಾಜ್ಯಗಳು ಅಳಿದರೂ ಮಠಗಳು ಸುಟ್ಟುಹೋದರೂ ತುಂಡಾಗದೆ ಉಳಿದುಬಂದದ್ದು ಈ ಪುಟ್ಟ ಆಚರಣೆಯೇ. ಸಂಕಟದಲ್ಲಿದ್ದವರು ತಮಗೆ ಧೈರ್ಯವೂ ಬಲವೂ ಅದರಿಂದ ದೊರೆಯಿತೆಂದು ಮತ್ತೆಮತ್ತೆ ಹೇಳಿದ್ದಾರೆ. ಈ ಮಾತನ್ನು ಚರಿತ್ರಕಾರನು ಹೇಗೆ ತೆಗೆದುಕೊಳ್ಳಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಧೈರ್ಯ, ಭರವಸೆಗಳು ಮನಸ್ಸಿನ ಸ್ಥಿತಿಗಳು. ಅವನ್ನು ಅಳೆಯುವ ಸಾಧನ ಚರಿತ್ರಕಾರನ ಬಳಿ ಇಲ್ಲ. ಪ್ರಾರ್ಥನೆ ದೇವರನ್ನು ಮುಟ್ಟಿತೇ ಎಂಬ ಪ್ರಶ್ನೆಯಂತೂ ಅವನ ಶಾಸ್ತ್ರದ ಎಲ್ಲೆಗೆ ಹೊರಗಿನದು. ಆದರೆ ಪ್ರಾರ್ಥನೆಗೆ ಒಂದು ಹೊತ್ತು ಇದೆ, ಒಂದು ಕ್ರಮ ಇದೆ, ಗೊತ್ತಾದ ಮಾತುಗಳಿವೆ, ಅದನ್ನು ಕೂಡಿ ಹೇಳುವ ಜನರಿದ್ದಾರೆ. ಇವೆಲ್ಲ ದಾಖಲೆಯಲ್ಲಿ ಗುರುತು ಬಿಟ್ಟಿವೆ. ಆ ಗುರುತುಗಳನ್ನು ಪರಿಶೀಲಿಸಿದಾಗ ನಮಗೆ ಕಂಡುಬರುವುದು ಇಷ್ಟು: ಪ್ರಾತಃಪ್ರಾರ್ಥನೆಯಿಂದ ಬಲ ಪಡೆದವರು ಅದನ್ನು ಉತ್ಸಾಹ ಬಂದಾಗ ಮಾಡಿದವರಲ್ಲ, ಉತ್ಸಾಹವಿರಲಿ ಇಲ್ಲದಿರಲಿ, ಗೊತ್ತಾದ ಹೊತ್ತಿಗೆ, ಬಹುಮಟ್ಟಿಗೆ ತಮ್ಮವಲ್ಲದ ಮಾತುಗಳಲ್ಲಿ, ಇತರರನ್ನು ನೆನೆದು ಮಾಡಿದವರು.

ಮೊದಲಿಗೆ ಶಬ್ದದ ಒಂದು ವಿಚಾರ. ನಾವು ಸಾಮಾನ್ಯವಾಗಿ 'ಭರವಸೆ' ಎನ್ನುವ ಭಾವಕ್ಕೆ ಕನ್ನಡ ಬೈಬಲಿನಲ್ಲಿ ರೂಢವಾಗಿರುವ ಮಾತು 'ನಿರೀಕ್ಷೆ'. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ನಂಬಿಕೆ, ಪ್ರೀತಿಗಳ ನಡುವೆ ನಿಲ್ಲಿಸಿದ ಮೂರನೆಯ ಗುಣಕ್ಕೆ ನಮ್ಮ ಭಾಷಾಂತರಕಾರರು ಈ ಹೆಸರನ್ನೇ ಇಟ್ಟಿದ್ದಾರೆ. ನಿರೀಕ್ಷೆಯೆಂದರೆ ಎದುರು ನೋಡುವುದು. ಇದು ಬಹು ಯುಕ್ತವಾದ ಆಯ್ಕೆಯೆಂದು ನನಗೆ ತೋರುತ್ತದೆ. ಭರವಸೆಯೆಂಬುದು ಕೈಗೆ ಸಿಕ್ಕಿದಂತೆ ಭಾಸವಾಗುವ ವಸ್ತು. ನಿರೀಕ್ಷೆ ಇನ್ನೂ ಬಾರದಿರುವುದರ ಕಡೆಗೆ ಕಣ್ಣು ನೆಟ್ಟು ನಿಲ್ಲುವ ಕ್ರಿಯೆ. ಕ್ರೈಸ್ತರು ಯೆಹೂದ್ಯರಿಂದ ಪಡೆದ ಕೀರ್ತನೆಗಳ ಗ್ರಂಥದಲ್ಲಿ ಪ್ರಾತಃಕಾಲದ ಚಿತ್ರ ಹೀಗೆಯೇ ಇದೆ. ಐದನೆಯ ಕೀರ್ತನೆಯ ಭಕ್ತನು ಬೆಳಗ್ಗೆ ತನ್ನ ಬಿನ್ನಹವನ್ನು ಅಣಿಮಾಡಿ ಇಟ್ಟು ಕಾದು ನೋಡುತ್ತಾನೆ. ನೂರ ಮೂವತ್ತನೆಯದರಲ್ಲಿ ಅವನ ಮನಸ್ಸು ಬೆಳಗನ್ನು ಎದುರು ನೋಡುವ ಕೋಟೆಯ ಕಾವಲುಗಾರರಿಗಿಂತ ಹೆಚ್ಚಾಗಿ ಕಾದಿದೆ. ಕಾವಲುಗಾರನಿಗೆ ಕತ್ತಲೆ ಇಲ್ಲವೆಂಬ ಭ್ರಮೆ ಇರುವುದಿಲ್ಲ. ಕತ್ತಲೆಯಲ್ಲಿ ಎಚ್ಚರವಾಗಿರುವುದೇ ಅವನ ಕೆಲಸ.

ಇದಕ್ಕಿಂತಲೂ ಗಂಭೀರವಾದ ಉದಾಹರಣೆ 'ಪ್ರಲಾಪಗಳು' ಎಂಬ ಚಿಕ್ಕ ಗ್ರಂಥದ್ದು. ಕ್ರಿ. ಪೂ. 587ರ ಸುಮಾರಿನಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನ ಸೈನ್ಯವು ಯೆರೂಸಲೇಮನ್ನು ಹಾಳುಗೆಡವಿತು, ದೇವಾಲಯ ಸುಟ್ಟುಹೋಯಿತು, ಜನ ಸೆರೆಹೋದರು. ಆ ದುರಂತವನ್ನು ಕುರಿತ ಐದು ಶೋಕಗೀತಗಳೇ ಈ ಗ್ರಂಥ. ಅವುಗಳಲ್ಲಿ ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ ಇಪ್ಪತ್ತೆರಡು ಅಕ್ಷರಗಳ ಕ್ರಮದಲ್ಲಿ ರಚಿತವಾಗಿವೆ. ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು ವಚನಗಳಂತೆ ಒಟ್ಟು 66 ವಚನಗಳಿವೆ. ದೇವರ ಕರುಣೆ ಪ್ರತಿದಿನ ಬೆಳಗ್ಗೆ ಹೊಸದಾಗುತ್ತದೆ ಎಂಬ ಪ್ರಸಿದ್ಧವಾದ ಭಾವ, ಈಗ ಎಷ್ಟೋ ಕ್ರೈಸ್ತ ಮನೆಗಳ ಗೋಡೆಯ ಮೇಲೆ ತೂಗುವ ಮಾತು, ಬರುವುದು ಈ ಮೂರನೆಯ ಗೀತದ ನಡುವಿನಲ್ಲಿ. ಕೊನೆಯಲ್ಲಿ ಅಲ್ಲ ಎಂಬುದನ್ನು ಗಮನಿಸಬೇಕು. ಅದನ್ನು ಹೇಳಿದ ಮೇಲೂ ಕವಿ ಮತ್ತೆ ಪ್ರಲಾಪಕ್ಕೆ ಇಳಿಯುತ್ತಾನೆ. ಗ್ರಂಥ ಮುಗಿಯುವುದು ಉತ್ತರ ಸಿಕ್ಕದ ಪ್ರಶ್ನೆಯ ಧಾಟಿಯಲ್ಲಿಯೇ. ಊರು ಹಾಳಾದವನ ದುಃಖ ಅಕ್ಷರಮಾಲೆಯ ಕಟ್ಟಿನೊಳಗೆ ನಿಂತಿರುವುದರಿಂದಲೇ ಅದು ಬರಿಯ ಗೋಳಾಟವಾಗಲಿಲ್ಲ.

ಕ್ರೈಸ್ತರಿಗೆ ಬೆಳಗಿನ ಹೊತ್ತು ವಿಶೇಷವಾದುದಕ್ಕೆ ಇನ್ನೊಂದು ಕಾರಣವಿದೆ. ಯೇಸು ಹೊತ್ತಾರೆ, ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ಹೇಳುತ್ತದೆ. ಅವನ ಸಮಾಧಿಗೆ ಹೆಂಗಸರು ಹೋದದ್ದೂ ಅದು ಬರಿದಾಗಿದ್ದುದನ್ನು ಕಂಡದ್ದೂ ಮುಂಜಾನೆ ಎಂದು ನಾಲ್ಕು ಸುವಾರ್ತೆಗಳೂ ಒಮ್ಮತದಿಂದ ತಿಳಿಸುತ್ತವೆ. ಹೀಗಾಗಿ ಪ್ರತಿಯೊಂದು ಬೆಳಗೂ ಪುನರುತ್ಥಾನದ ಸ್ಮರಣೆಯಾಯಿತು. ಕಾರ್ತೇಜಿನ ಬಿಷಪ್ ಸಿಪ್ರಿಯನ್ ಮೂರನೆಯ ಶತಮಾನದ ಮಧ್ಯದಲ್ಲಿ ಕರ್ತನ ಪ್ರಾರ್ಥನೆಯ ಮೇಲೆ ಬರೆದ ಪ್ರಬಂಧದಲ್ಲಿ ಈ ಅರ್ಥವನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಅವನು ಅದನ್ನು ಬರೆದ ಕಾಲ ಸಾಮಾನ್ಯವಾದುದಲ್ಲ. 250ರಲ್ಲಿ ಡೀಸಿಯಸ್ ಚಕ್ರವರ್ತಿಯ ಹಿಂಸೆ, ಅದೇ ದಶಕದಲ್ಲಿ ರೋಮನ್ ಪ್ರಪಂಚವನ್ನೆಲ್ಲ ಕಾಡಿದ ಮಹಾಮಾರಿ, ಹಿಂಸೆಯಲ್ಲಿ ಜಾರಿದವರನ್ನು ಸಭೆಗೆ ಮತ್ತೆ ಸೇರಿಸಿಕೊಳ್ಳಬೇಕೇ ಎಂಬ ಒಳಜಗಳ, ಎಲ್ಲವೂ ಒಟ್ಟಿಗೆ ಬಂದಿದ್ದವು. ಅಂಥ ಸಮಯದಲ್ಲಿ ಅವನು ಒತ್ತಿ ಹೇಳಿದ ಸಂಗತಿ, ಪ್ರಾರ್ಥಿಸುವವನು 'ನನ್ನ ತಂದೆ' ಎನ್ನದೆ 'ನಮ್ಮ ತಂದೆ' ಎನ್ನುತ್ತಾನೆ ಎಂಬುದು. 258ರ ಸೆಪ್ಟೆಂಬರಿನಲ್ಲಿ ಅವನ ಶಿರಚ್ಛೇದವಾಯಿತು.

ಇದಕ್ಕೆ ಹಿಂದಿನ ದಾಖಲೆಯೊಂದು ನಮಗೆ ದೊರೆತಿರುವುದು ಕ್ರೈಸ್ತರಿಂದಲ್ಲ, ಅವರನ್ನು ವಿಚಾರಣೆ ಮಾಡಿದ ಅಧಿಕಾರಿಯಿಂದ. ಬಿಥೀನಿಯಾ-ಪಾಂಟಸ್ ಪ್ರಾಂತದ ರಾಜ್ಯಪಾಲನಾಗಿದ್ದ ಕಿರಿಯ ಪ್ಲಿನಿ, 112ರ ಸುಮಾರಿನಲ್ಲಿ ಟ್ರೇಜನ್ ಚಕ್ರವರ್ತಿಗೆ ಬರೆದ ಪತ್ರ ಅದು. ಇಂದಿನ ಟರ್ಕಿಯ ಉತ್ತರ ಭಾಗದಲ್ಲಿ ಕಪ್ಪು ಸಮುದ್ರದ ದಂಡೆಯಲ್ಲಿದ್ದ ಆ ಪ್ರಾಂತದಲ್ಲಿ ಕ್ರೈಸ್ತರೆಂದು ಅನೇಕರ ಮೇಲೆ ದೂರು ಬಂದಿತ್ತು. ವಿಚಾರಿಸಿದಾಗ ಅವರ ಅಪರಾಧವೆಲ್ಲ ಇಷ್ಟೇ ಎಂದು ಪ್ಲಿನಿಗೆ ತಿಳಿಯಿತು: ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಕೂಡುವುದು, ಕ್ರಿಸ್ತನನ್ನು ದೇವರೆಂದು ಭಾವಿಸಿ ಒಬ್ಬರಾದ ಮೇಲೊಬ್ಬರು ಸ್ತೋತ್ರ ಹೇಳುವುದು, ಕಳ್ಳತನ, ದರೋಡೆ, ವ್ಯಭಿಚಾರ ಮಾಡುವುದಿಲ್ಲವೆಂದೂ ಕೊಟ್ಟ ಮಾತಿಗೆ ತಪ್ಪುವುದಿಲ್ಲವೆಂದೂ ಇಟ್ಟ ಒತ್ತೆಯನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲವೆಂದೂ ಆಣೆಯಿಡುವುದು. ಆಮೇಲೆ ಚದರಿ ಹೋಗಿ, ಊಟಕ್ಕೆ ಮತ್ತೆ ಸೇರುತ್ತಿದ್ದರು. ನಿಜಾಂಶವನ್ನು ಹೊರಗೆಡಹಲು ಅವನು ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಗುರಿಪಡಿಸಿದನು. ಅವರನ್ನು ಸಭೆಯಲ್ಲಿ ಸೇವಕಿಯರೆಂಬ ಪದವಿಯ ಹೆಸರಿನಿಂದ ಕರೆಯುತ್ತಿದ್ದರಂತೆ. ಅತಿರೇಕದ ಮೂಢನಂಬಿಕೆಯ ಹೊರತು ತನಗೆ ಬೇರೇನೂ ಸಿಕ್ಕಲಿಲ್ಲವೆಂದು ಅವನು ಬರೆಯುತ್ತಾನೆ.

ಬೆಳಕು ಹರಿಯುವ ಮುನ್ನವೇ ಏಕೆ? ಭಾನುವಾರವನ್ನು ವಿರಾಮದ ದಿನವೆಂದು ಕಾನ್‌ಸ್ಟಂಟೈನ್ ಚಕ್ರವರ್ತಿ ಶಾಸನ ಮಾಡಿದುದು 321ರಲ್ಲಿ. ಅದಕ್ಕೆ ಎರಡು ಶತಮಾನಗಳ ಹಿಂದೆ ಬಿಥೀನಿಯಾದ ದಾಸಿಗಾಗಲಿ ಕೂಲಿಯವನಿಗಾಗಲಿ ಸೂರ್ಯ ಹುಟ್ಟಿದ ಮೇಲಿನ ಹೊತ್ತು ತನ್ನದಾಗಿರಲಿಲ್ಲ, ಒಡೆಯನದಾಗಿತ್ತು. ತನ್ನದೆನ್ನಬಹುದಾದ ಹೊತ್ತು ನಿದ್ರೆಯಿಂದ ಕತ್ತರಿಸಿ ತೆಗೆದದ್ದು ಮಾತ್ರ. ಈ ವಿವರಣೆ ಊಹೆಯೇ ಆದರೂ ದಾಖಲೆಗೆ ಒಗ್ಗುವ ಊಹೆ. ಪ್ಲಿನಿಯ ಪತ್ರದಲ್ಲಿ ಆ ಇಬ್ಬರು ದಾಸಿಯರ ಹೆಸರಿಲ್ಲ. ಅವರ ಧೈರ್ಯದ ಬಗೆಗೆ ಒಂದು ಮಾತೂ ಇಲ್ಲ. ಆದರೆ ಆ ಪ್ರಾಂತದಲ್ಲಿ ಒಂದು ನಸುಕಿನ ಹೊತ್ತು, ಒಂದು ಸ್ತೋತ್ರ, ಒಂದು ಆಣೆ ಇದ್ದವೆಂಬುದಕ್ಕೆ ಅವರನ್ನು ಹಿಂಸಿಸಿದವನ ಲೇಖನಿಯೇ ಸಾಕ್ಷಿಯಾಗಿದೆ.

ಉತ್ತರ ಆಫ್ರಿಕದ ಟರ್ಟುಲಿಯನ್ 200ರ ಸುಮಾರಿನಲ್ಲಿ ಬರೆಯುವ ವೇಳೆಗೆ ಬೆಳಕು ಮೂಡುವಾಗ ಒಮ್ಮೆ, ರಾತ್ರಿ ಕವಿಯುವಾಗ ಒಮ್ಮೆ ಪ್ರಾರ್ಥಿಸುವುದು ಯಾರೂ ಜ್ಞಾಪಿಸಬೇಕಾಗಿಲ್ಲದ ಕರ್ತವ್ಯವಾಗಿತ್ತು. ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದುದರಿಂದ ಕ್ರೈಸ್ತರು ಸೂರ್ಯನನ್ನು ಪೂಜಿಸುತ್ತಾರೆಂದು ಜನ ತಿಳಿದಿದ್ದರೆಂಬುದನ್ನೂ ಅವನೇ ಹೇಳಿದ್ದಾನೆ. ಸಂಧ್ಯಾವಂದನೆಯ ಅರ್ಘ್ಯವನ್ನೂ ದಾಸರ ಉದಯರಾಗಗಳನ್ನೂ ಬಲ್ಲ ನಮ್ಮ ನಾಡಿನವರಿಗೆ ಆ ತಪ್ಪು ತಿಳಿವಳಿಕೆ ಹೇಗೆ ಹುಟ್ಟಿರಬಹುದೆಂದು ವಿವರಿಸಬೇಕಾಗಿಲ್ಲ.

ನಾಲ್ಕನೆಯ ಶತಮಾನದಲ್ಲಿ ಕಿರುಕುಳ ನಿಂತು ಬೆಳಗಿನ ಪ್ರಾರ್ಥನೆ ಬಹಿರಂಗವಾಯಿತು. ಆ ಕಾಲದ ಅತ್ಯಂತ ಸಜೀವವಾದ ವರ್ಣನೆಯನ್ನು ಬಿಟ್ಟುಹೋದವಳು ಎಜೀರಿಯಾ ಎಂಬ ಯಾತ್ರಿಕ ಮಹಿಳೆ. 381ರಿಂದ 384ರವರೆಗಿನ ಅವಧಿಯಲ್ಲಿ ಆಕೆ ಯೆರೂಸಲೇಮಿನಲ್ಲಿದ್ದಳೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ತನ್ನ ಊರಿನ ಸೋದರಿಯರಿಗಾಗಿ ಆಕೆ ಬರೆದ ಯಾತ್ರಾಕಥನದ ಹಸ್ತಪ್ರತಿ, ಮೊದಲೂ ಕೊನೆಯೂ ಕಳೆದುಹೋದ ಸ್ಥಿತಿಯಲ್ಲಿ, 1884ರಲ್ಲಿ ಇಟಲಿಯ ಅರೆಜ್ಜೊ ನಗರದಲ್ಲಿ ಸಿಕ್ಕಿತು. ಪುನರುತ್ಥಾನ ನಡೆದ ಸ್ಥಳವೆಂದು ಭಾವಿಸಲಾದ ಗುಡಿಯ ಬಾಗಿಲು ಪ್ರತಿದಿನವೂ ಕೋಳಿ ಕೂಗುವ ಮುನ್ನ ತೆರೆಯುತ್ತಿತ್ತಂತೆ. ಸಂನ್ಯಾಸಿಗಳು, ಕನ್ಯಾವ್ರತದ ಸ್ತ್ರೀಯರು ಮಾತ್ರವಲ್ಲದೆ, ಎಚ್ಚರವಿರಲು ಮನಸ್ಸುಳ್ಳ ಸಂಸಾರಿಗರೂ ಬಂದು ನಸುಕಿನವರೆಗೆ ಕೀರ್ತನೆಗಳನ್ನು ಹಾಡುತ್ತಿದ್ದರು. ಬೆಳಕು ಕಾಣಿಸಿಕೊಂಡಾಗ ಬೆಳಗಿನ ಸ್ತೋತ್ರಗಳು ಆರಂಭವಾಗುತ್ತಿದ್ದುವು. ಆಗ ಬಿಷಪ್ಪನು ಪರಿವಾರದೊಡನೆ ಬಂದು, ಸಮಾಧಿಯ ಗವಿಯೊಳಗೆ ಹೋಗಿ ಎಲ್ಲರಿಗಾಗಿ ಪ್ರಾರ್ಥಿಸುತ್ತ, ತಾನು ಸ್ಮರಿಸಬೇಕೆಂದಿರುವವರ ಹೆಸರುಗಳನ್ನು ಹೇಳುತ್ತಿದ್ದನು. ಜನ ಅವನ ಕೈಗೆ ಮುತ್ತಿಟ್ಟು ಆಶೀರ್ವಾದ ಪಡೆದು ಮನೆಗಳಿಗೆ ಹೋಗುವ ವೇಳೆಗೆ ಹಗಲಾಗಿರುತ್ತಿತ್ತು. ಈ ವರ್ಣನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಅಂಶ ಆ ಹೆಸರುಗಳು. ದೊಡ್ಡ ಗುಡಿ, ದೀಪಗಳು, ಧೂಪ ಎಲ್ಲ ಇದ್ದರೂ ಕೊನೆಗೆ ಇಂತಿಂಥವರೆಂದು ಒಬ್ಬೊಬ್ಬರ ಹೆಸರನ್ನು ನೆನೆಯುವಲ್ಲಿಗೆ ಪ್ರಾರ್ಥನೆ ಬಂದು ನಿಲ್ಲುತ್ತಿತ್ತು.

ಪಶ್ಚಿಮ ಯೂರೋಪಿನಲ್ಲಿ ಈ ಆಚರಣೆಗೆ ಶಾಶ್ವತವಾದ ಚೌಕಟ್ಟನ್ನು ಕೊಟ್ಟವನು ಬೆನೆಡಿಕ್ಟ್. ಇಟಲಿಯ ಮಾಂಟೆ ಕಸೀನೊ ಬೆಟ್ಟದ ಮೇಲೆ ಮಠ ಕಟ್ಟಿ, ಆರನೆಯ ಶತಮಾನದ ಪೂರ್ವಾರ್ಧದಲ್ಲಿ ಅವನು ರಚಿಸಿದ ನಿಯಮಾವಳಿಯನ್ನು ಬರಿಯ ವಿಧಿನಿಷೇಧಗಳ ಪಟ್ಟಿಯೆಂದು ತಿಳಿಯುವವರು ಅದನ್ನು ಓದಿದವರಲ್ಲ. ಅರುಣೋದಯದ ಪ್ರಾರ್ಥನೆಯನ್ನು ಆರಂಭಿಸುವ ಮೊದಲ ಕೀರ್ತನೆಯನ್ನು ಸ್ವಲ್ಪ ಎಳೆದು ನಿಧಾನವಾಗಿ ಹೇಳಬೇಕು, ತಡವಾಗಿ ಬರುವವರೂ ಎರಡನೆಯದಕ್ಕೆ ಸೇರಿಕೊಳ್ಳುವಂತಾಗಲಿ ಎಂದು ಅವನು ವಿಧಿಸುತ್ತಾನೆ. ಏಳುವಾಗ ಒಬ್ಬರನ್ನೊಬ್ಬರು ಮೆಲ್ಲನೆ ಹುರಿದುಂಬಿಸಿಕೊಳ್ಳಬೇಕಂತೆ, ಏಕೆಂದರೆ ನಿದ್ರಾಳುಗಳಿಗೆ ನೆಪಗಳು ಬೇಕಾದಷ್ಟು. ಮನುಷ್ಯನ ಸ್ವಭಾವವನ್ನು ಹತ್ತಿರದಿಂದ ಕಂಡವನ ಮಾತಿದು. ಇನ್ನೊಂದು ವಿಧಿ ಇದಕ್ಕಿಂತ ಆಳವಾದುದು. ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯ ಕೊನೆಯಲ್ಲಿ ಮಠಾಧಿಪತಿಯು ಕರ್ತನ ಪ್ರಾರ್ಥನೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಕೂಡಿ ಬಾಳುವಲ್ಲಿ ಮನಸ್ತಾಪದ ಮುಳ್ಳುಗಳು ಹುಟ್ಟುತ್ತಲೇ ಇರುತ್ತವೆ. ಇತರರನ್ನು ಕ್ಷಮಿಸುವೆವೆಂಬ ಕರಾರನ್ನು ಒಳಗೊಂಡ ಆ ಪ್ರಾರ್ಥನೆಯನ್ನು ಕೇಳಿದವರು ಆ ಮುಳ್ಳನ್ನು ಕಿತ್ತೊಗೆಯಲು ಬದ್ಧರಾಗುತ್ತಾರೆ ಎಂದು ಅವನು ಕಾರಣ ಕೊಡುತ್ತಾನೆ. ಈ ಮಠವನ್ನು ಅದೇ ಶತಮಾನದ ಉತ್ತರಾರ್ಧದಲ್ಲಿ ಲೊಂಬಾರ್ಡರೂ 883ರಲ್ಲಿ ಸಾರಸೆನರೂ ಹಾಳುಮಾಡಿದರು. 1349ರಲ್ಲಿ ಭೂಕಂಪದಿಂದ ಕುಸಿಯಿತು. 1944ರ ಫೆಬ್ರವರಿ 15ರಂದು ಮಿತ್ರರಾಷ್ಟ್ರಗಳ ಬಾಂಬುಗಳಿಂದ ನೆಲಸಮವಾಯಿತು. ಪ್ರತಿ ಸಲವೂ ಮರಳಿ ಬಂದವರು ಮತ್ತೆ ಕಟ್ಟಿಕೊಂಡು ಅದೇ ಕೀರ್ತನೆಗಳನ್ನು ಹಿಡಿದರು.

ಹದಿನಾರನೆಯ ಶತಮಾನದ ಸುಧಾರಕರು ಬೆಳಗಿನ ಪ್ರಾರ್ಥನೆಯನ್ನು ಮಠದ ಗೋಡೆಯಿಂದ ಹೊರಕ್ಕೆ ತಂದರು. ಇಂಗ್ಲೆಂಡಿನಲ್ಲಿ ಆರ್ಚ್‌ಬಿಷಪ್ ಕ್ರಾನ್ಮರ್ 1549ರಲ್ಲಿಯೂ ಪರಿಷ್ಕರಿಸಿ 1552ರಲ್ಲಿಯೂ ಹೊರಡಿಸಿದ ಸಾಮಾನ್ಯ ಪ್ರಾರ್ಥನಾ ಪುಸ್ತಕವು ದಿನದ ಹಲವು ಪ್ರಾರ್ಥನೆಗಳನ್ನು ಬೆಳಗ್ಗೆ ಸಂಜೆ ಎರಡಕ್ಕೆ ಇಳಿಸಿ, ನೂರೈವತ್ತು ಕೀರ್ತನೆಗಳೂ ತಿಂಗಳಿಗೊಮ್ಮೆ ಪೂರ್ತಿಯಾಗುವಂತೆ ಹಂಚಿತು. ಪಾದ್ರಿಯು ಗಂಟೆ ಬಾರಿಸಬೇಕು, ಊರವರು ಬರಬಹುದು. 1552ರ ಕ್ರಮದಲ್ಲಿ ಎಲ್ಲರೂ ಕೂಡಿ ಹೇಳುವ ಪಾಪನಿವೇದನೆ ಮೊದಲಿಗೇ ಬರುತ್ತದೆ. ಜಮೀನುದಾರನೂ ಅವನ ಆಳೂ ಮೊಣಕಾಲೂರಿ ಅವೇ ಮಾತುಗಳನ್ನು ಹೇಳಬೇಕು. ಕ್ರಾನ್ಮರನನ್ನು 1556ರಲ್ಲಿ ಆಕ್ಸ್‌ಫರ್ಡಿನಲ್ಲಿ ಜೀವಂತ ಸುಟ್ಟರು. 1645ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ಪಾರ್ಲಿಮೆಂಟು ಈ ಪುಸ್ತಕವನ್ನೇ ನಿಷೇಧಿಸಿತು. ಬಳಸಿದವರಿಗೆ ಮೊದಲ ಸಲ ಐದು ಪೌಂಡು, ಎರಡನೆಯ ಸಲ ಹತ್ತು ಪೌಂಡು ದಂಡ, ಮೂರನೆಯ ಸಲ ಒಂದು ವರ್ಷ ಸೆರೆ. ಸಿದ್ಧಪಡಿಸಿದ ಪ್ರಾರ್ಥನೆ ಆತ್ಮವನ್ನು ಬಿಗಿಯುತ್ತದೆ, ಹೃದಯದಿಂದ ಆಗಾಗ್ಗೆ ಹುಟ್ಟುವುದೇ ನಿಜವಾದ ಪ್ರಾರ್ಥನೆ ಎಂಬುದು ನಿಷೇಧಿಸಿದವರ ವಾದ. ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಾಯಿಪಾಠ ಬಾಯಲ್ಲೇ ಉಳಿಯುವುದನ್ನು ಎಲ್ಲ ಮತಗಳವರೂ ಬಲ್ಲರು. ಆದರೆ ಹೃದಯವೇ ಬತ್ತಿಹೋದ ದಿನ ಏನು ಗತಿ? ಈ ಪ್ರಶ್ನೆಗೆ ಅವರಲ್ಲಿ ತೃಪ್ತಿಕರವಾದ ಉತ್ತರವಿದ್ದಂತೆ ನನಗೆ ಕಾಣುವುದಿಲ್ಲ. 1662ರಲ್ಲಿ ಪುಸ್ತಕ ಮರಳಿ ಬಂದಿತು.

ಜರ್ಮನಿಯಲ್ಲಿ ಲೂಥರನು 1529ರ ಕಿರಿಯ ಪ್ರಶ್ನೋತ್ತರ ಗ್ರಂಥದಲ್ಲಿ ಮನೆಮಂದಿಗೆಂದೇ ಒಂದು ಚಿಕ್ಕ ಪ್ರಾತಃಪ್ರಾರ್ಥನೆಯನ್ನು ಕೊಟ್ಟನು. ಏಳುತ್ತಲೇ ಶಿಲುಬೆಯ ಗುರುತು ಮಾಡಿಕೊಂಡು ಅದನ್ನು ಹೇಳಬೇಕು, ಅನಂತರ ಸಂತೋಷದಿಂದ ಕೆಲಸಕ್ಕೆ ಹೋಗಬೇಕು. ಮುಂದೆ ಮೂವತ್ತು ವರ್ಷಗಳ ಯುದ್ಧ (1618-48) ಆ ದೇಶವನ್ನು ಸುಡುಗಾಡು ಮಾಡಿತು. ಅದರ ನಡುವೆ ಪ್ರಾಯಕ್ಕೆ ಬಂದ, ತನ್ನ ಐದು ಮಕ್ಕಳಲ್ಲಿ ನಾಲ್ವರನ್ನು ಮಣ್ಣುಮಾಡಿದ ಪೌಲ್ ಗೆರ್ಹಾರ್ಟ್ ಎಂಬ ಪಾದ್ರಿ ಬರೆದ ಬೆಳಗಿನ ಸ್ತೋತ್ರಗಳು ಇಂದಿಗೂ ಜರ್ಮನ್ ಸಭೆಗಳ ಹಾಡಿನ ಪುಸ್ತಕದಲ್ಲಿವೆ. ಇದೇ ಭಕ್ತಿಪರಂಪರೆಯಲ್ಲಿ ಬೆಳೆದವರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು. ಜರ್ಮನ್ ಸ್ತೋತ್ರಗೀತಗಳು ಕನ್ನಡದ ಮಾತಿನಲ್ಲಿ ನಮ್ಮ ಕರಾವಳಿಗೆ ಬಂದುದು ಅವರಿಂದ. ಅದಕ್ಕೆ ಮೂರು ವರ್ಷ ಮೊದಲೇ, 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನ ಶ್ರಮದಿಂದ ಇಡೀ ಬೈಬಲು ಕನ್ನಡದಲ್ಲಿ ಪೂರ್ಣವಾಗಿತ್ತು.

ಲೂಥರನ ಈ ಪುಟ್ಟ ವಿಧಿಯೂ ಗೆರ್ಹಾರ್ಟನ ಗೀತಗಳೂ ಕಠಿಣವಾದ ಪರೀಕ್ಷೆಗೆ ಒಳಗಾದದ್ದು ನಾಲ್ಕು ಶತಮಾನಗಳ ಮೇಲೆ, ಬರ್ಲಿನ್ ನಗರದ ಟೆಗೆಲ್ ಸೈನಿಕ ಕಾರಾಗೃಹದಲ್ಲಿ. ಡೀಟ್ರಿಚ್ ಬಾನ್‌ಹಾಫರ್ 1906ರಲ್ಲಿ ಹುಟ್ಟಿದ ಲೂಥರನ್ ಪಾದ್ರಿ, ದೇವಶಾಸ್ತ್ರದ ಪಂಡಿತ; ನಾಜಿ ಆಳ್ವಿಕೆಯನ್ನು ಮೊದಲಿನಿಂದ ವಿರೋಧಿಸಿದವನು. 1935ರಿಂದ ಫಿಂಕೆನ್‌ವಾಲ್ಡೆಯಲ್ಲಿ ಪಾದ್ರಿಗಳ ತರಬೇತಿಗಾಗಿ ಒಂದು ವಿದ್ಯಾಲಯ ನಡೆಸುತ್ತಿದ್ದಾಗ ಪ್ರತಿದಿನ ಬೆಳಗ್ಗೆ ಕೂಡಿ ಕೀರ್ತನೆ ಹೇಳುವುದನ್ನೂ ಅರ್ಧ ಗಂಟೆ ಮೌನವಾಗಿ ಧ್ಯಾನಿಸುವುದನ್ನೂ ಅವನು ಕಡ್ಡಾಯ ಮಾಡಿದ್ದನು. ವಿದ್ಯಾರ್ಥಿಗಳಲ್ಲಿ ಹಲವರಿಗೆ ಅದು ಹಿಡಿಸಿರಲಿಲ್ಲ; ದೇಶ ಹೊತ್ತಿ ಉರಿಯುವಾಗ ಈ ಮಠದ ಆಟವೇಕೆಂಬುದು ಅವರ ಭಾವನೆ. 1937ರಲ್ಲಿ ಗೆಸ್ಟಪೊ ಆ ಸಂಸ್ಥೆಯನ್ನು ಮುಚ್ಚಿತು. ಅಲ್ಲಿಯ ಅನುಭವವನ್ನು ಅವನು ಒಂದು ಚಿಕ್ಕ ಪುಸ್ತಕವಾಗಿ ಬರೆದು 1939ರಲ್ಲಿ ಪ್ರಕಟಿಸಿದನು. ದಿನದ ಕೆಲಸಕ್ಕೆ ಕ್ರಮವೂ ಬಿಗುವೂ ಬರುವುದು ಬೆಳಗಿನ ಪ್ರಾರ್ಥನೆಯಿಂದ ಎಂಬುದು ಅದರಲ್ಲಿಯ ಒಂದು ಮುಖ್ಯ ವಿಚಾರ.

1943ರ ಏಪ್ರಿಲ್ 5ರಂದು ಅವನ ಬಂಧನವಾಯಿತು. ಸೆರೆಮನೆಯ ಮೊದಲ ರಾತ್ರಿ ಕೊಟ್ಟ ಕಂಬಳಿಗಳು ಹೊದೆಯಲಾಗದಷ್ಟು ನಾರುತ್ತಿದ್ದುವು. ಮರುದಿನ ಬೆಳಗ್ಗೆ ರೊಟ್ಟಿಯ ತುಂಡನ್ನು ಕೋಣೆಯೊಳಕ್ಕೆ ಎಸೆದರು, ನೆಲದಿಂದ ಎತ್ತಿಕೊಳ್ಳಬೇಕಾಯಿತು. ಕೆಲವು ದಿನ ಅವನೊಡನೆ ಮಾತಾಡಬಾರದೆಂದು ಕಾವಲುಗಾರರಿಗೆ ಆಜ್ಞೆಯಾಗಿತ್ತು. ಆ ವಾರಗಳಲ್ಲಿ ಅವನು ಚೀಟಿಗಳ ಮೇಲೆ ಗೀಚಿಟ್ಟ ಟಿಪ್ಪಣಿಗಳಲ್ಲಿ ಆತ್ಮಹತ್ಯೆಯ ವಿಚಾರ ಸುಳಿದಿದೆ. ಜಡವಾದ ವಿಷಾದವೊಂದು ಆಗಾಗ್ಗೆ ತನ್ನನ್ನು ಬೆನ್ನಟ್ಟಿ ಬರುತ್ತಿದ್ದುದನ್ನು ಗೆಳೆಯನಾದ ಎಬರ್ಹಾರ್ಟ್ ಬೆಥ್ಗೆಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಇದನ್ನು ಮುಚ್ಚಿಟ್ಟು ಅವನನ್ನು ಸದಾ ಪ್ರಸನ್ನನಾದ ಸಂತನಂತೆ ಚಿತ್ರಿಸುವ ಪುಸ್ತಕಗಳು ಅವನಿಗೂ ನ್ಯಾಯ ಮಾಡುವುದಿಲ್ಲ, ಓದುಗನಿಗೂ ಉಪಕಾರ ಮಾಡುವುದಿಲ್ಲ. ಕೋಣೆಯಿಂದ ಹೊರಬರುವಾಗ ತಾನು ತನ್ನ ಬಂಗಲೆಯಿಂದ ಬರುವ ಒಡೆಯನಂತೆ ಕಾಣುತ್ತೇನೆಂದು ಇತರರು ಹೇಳುತ್ತಾರೆ, ಒಳಗೆ ಮಾತ್ರ ಬೇರೆಯೇ ಇದೆ ಎಂದು 1944ರಲ್ಲಿ ಅವನೇ ಕವಿತೆ ಬರೆದಿದ್ದಾನೆ.

ಇಂಥ ಸ್ಥಿತಿಯಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಬಂಧನವಾದ ಮುಂದಿನ ತಿಂಗಳು ತಂದೆತಾಯಿಗಳಿಗೆ ಬರೆದ ಪತ್ರದಲ್ಲಿ, ವರ್ಷಗಳಿಂದ ಮಾಡಿಕೊಂಡು ಬಂದಂತೆ ದಿನವೂ ಕೀರ್ತನೆಗಳನ್ನು ಓದುತ್ತಿರುವುದಾಗಿ ತಿಳಿಸುತ್ತಾನೆ. ಗೆರ್ಹಾರ್ಟನ ಗೀತಗಳು ನಾಲಗೆಯ ಮೇಲಿದ್ದುವು. ನವೆಂಬರಿನಲ್ಲಿ ಬೆಥ್ಗೆಗೆ ಬರೆಯುವಾಗ, ಬೆಳಗ್ಗೆ ಸಂಜೆಯ ಪ್ರಾರ್ಥನೆಯಲ್ಲಿ ಲೂಥರ್ ಹೇಳಿದಂತೆ ಶಿಲುಬೆಯ ಗುರುತು ಮಾಡಿಕೊಳ್ಳುವುದು ತನಗೆ ಸಹಾಯವಾಗುತ್ತಿದೆಯೆಂದು ಹೇಳಿ, ಗಾಬರಿಪಡಬೇಡ, ನಾನು ಇಲ್ಲಿಂದ ಧಾರ್ಮಿಕ ಮನುಷ್ಯನಾಗಿ ಹೊರಬರುವುದಿಲ್ಲ ಎಂಬರ್ಥದ ಹಾಸ್ಯವನ್ನೂ ಸೇರಿಸುತ್ತಾನೆ. ಒಬ್ಬ ದೊಡ್ಡ ದೇವಶಾಸ್ತ್ರಜ್ಞನು ಕಷ್ಟಕಾಲದಲ್ಲಿ ಆತುಕೊಂಡದ್ದು ತನ್ನ ಶಾಸ್ತ್ರದ ಸಿದ್ಧಾಂತಗಳನ್ನಲ್ಲ. ಮಕ್ಕಳಿಗೆ ಕಲಿಸುವ ಒಂದು ಕೈಸನ್ನೆಯನ್ನು.

ಅದೇ ನವೆಂಬರಿನಲ್ಲಿ ಬರ್ಲಿನ್ನಿನ ಮೇಲೆ ಬ್ರಿಟಿಷ್ ವಿಮಾನಗಳ ದಾಳಿ ತೀವ್ರವಾಯಿತು. ಟೆಗೆಲ್ಲಿನ ಸಮೀಪದಲ್ಲಿ ಬೊರ್ಸಿಗ್ ಕಾರ್ಖಾನೆ ಇದ್ದುದರಿಂದ ಕಾರಾಗೃಹಕ್ಕೂ ಪೆಟ್ಟು ತಗುಲಿತು. ಬೀಗ ಹಾಕಿದ ಕೋಣೆಗಳಲ್ಲಿ ಕೈದಿಗಳು ಕಿರುಚುತ್ತಿದ್ದರು. ಇದಾದ ಮೇಲೆ, ಆ ವರ್ಷದ ಕ್ರಿಸ್ಮಸ್ಸಿಗೆಂದು, ಬಾನ್‌ಹಾಫರ್ ಸಹಕೈದಿಗಳಿಗಾಗಿ ಕೆಲವು ಪ್ರಾರ್ಥನೆಗಳನ್ನು ಬರೆದನು. ಕಾರಾಗೃಹದ ಪಾದ್ರಿಗಳು ಅವನ್ನು ಗುಟ್ಟಾಗಿ ಹಂಚಿದರು. ಅವುಗಳಲ್ಲಿ ಮೊದಲನೆಯದು ಪ್ರಾತಃಪ್ರಾರ್ಥನೆ. ಅದರ ರಚನೆಯನ್ನು ಗಮನಿಸಬೇಕು. ಪ್ರಾರ್ಥಿಸಲು ತನ್ನೊಬ್ಬನಿಂದ ಆಗದು, ಸಹಾಯ ಬೇಕು ಎಂಬ ಬೇಡಿಕೆಯಿಂದಲೇ ಅದು ಆರಂಭವಾಗುತ್ತದೆ. ತನ್ನೊಳಗೆ ಇರುವುದು ಕತ್ತಲೆ, ಒಂಟಿತನ, ಅಶಾಂತಿ ಎಂಬುದನ್ನು ಒಂದೊಂದಾಗಿ ಹೇಳಿ, ಅದಕ್ಕೆ ಎದುರಾದುದೆಲ್ಲ ತನ್ನಲ್ಲಿ ಅಲ್ಲ, ದೇವರ ಬಳಿ ಇದೆ ಎಂದು ಒಂದೊಂದರ ಎದುರಿಗೆ ಇಡುತ್ತಾನೆ. ಬಿಡುಗಡೆಯನ್ನು ಬೇಡುತ್ತಾನೆ, ಅದರೊಡನೆಯೇ, ದೇವರ ಮುಂದೆಯೂ ಮನುಷ್ಯರ ಮುಂದೆಯೂ ಉತ್ತರ ಹೇಳಬಲ್ಲಂತೆ ಇವತ್ತು ಬದುಕುವ ಶಕ್ತಿಯನ್ನು ಬೇಡುತ್ತಾನೆ. ತನ್ನ ಪ್ರೀತಿಪಾತ್ರರನ್ನೂ ಸಹಕೈದಿಗಳನ್ನೂ ನೆನೆಯುತ್ತಾನೆ. ಆಮೇಲೆ ಈ ಮನೆಯಲ್ಲಿ ಕಷ್ಟದ ಕರ್ತವ್ಯವನ್ನು ಮಾಡುವವರನ್ನೂ ನೆನೆಯುತ್ತಾನೆ. ಅಂದರೆ ಕಾವಲುಗಾರರನ್ನು. ರೊಟ್ಟಿಯನ್ನು ನೆಲಕ್ಕೆ ಎಸೆದವರ ಗುಂಪಿಗೆ ಸೇರಿದವರನ್ನು. ಬೆನೆಡಿಕ್ಟನ ಮುಳ್ಳಿನ ವಿಧಿಯೂ ಎಜೀರಿಯಾ ಕಂಡ ಹೆಸರುಗಳ ಸ್ಮರಣೆಯೂ ಇಲ್ಲಿ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ಅದೇ ಜರ್ಮನಿಯಲ್ಲಿ ಲಕ್ಷಾಂತರ ಮನೆಗಳಲ್ಲಿ ಲೂಥರನ ಅದೇ ಪ್ರಾರ್ಥನೆಯನ್ನು ಹೇಳಿ ಸಂತೋಷದಿಂದ ಕೆಲಸಕ್ಕೆ ಹೋದವರಿದ್ದರು. ಅವರಲ್ಲಿ ಬಹುಮಂದಿ ಪಕ್ಕದ ಮನೆಯ ಯೆಹೂದ್ಯರನ್ನು ಒಯ್ದಾಗ ಸುಮ್ಮನಿದ್ದರು. ಕ್ರಾನ್ಮರನ ಪುಸ್ತಕವನ್ನು ಹಿಡಿದು ಪ್ರಾರ್ಥಿಸಿದವರೇ ವೆಸ್ಟ್ ಇಂಡೀಸಿನಲ್ಲಿ ಗುಲಾಮರನ್ನು ದುಡಿಸಿದರು. ಆದುದರಿಂದ ಪ್ರಾತಃಪ್ರಾರ್ಥನೆ ತಾನಾಗಿಯೇ ಮನುಷ್ಯನನ್ನು ಧೀರನನ್ನಾಗಿ ಮಾಡುತ್ತದೆಂದು ಚರಿತ್ರೆಯ ಆಧಾರದಿಂದ ಹೇಳಲು ಬರುವುದಿಲ್ಲ. ಯೆಹೂದ್ಯರಿಗಾಗಿ ಕೂಗೆತ್ತದವನಿಗೆ ಮಠದ ಗೀತ ಹಾಡುವ ಹಕ್ಕಿಲ್ಲವೆಂಬ ಅರ್ಥದ ಮಾತನ್ನು ಬಾನ್‌ಹಾಫರನೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದನೆಂದು ಬೆಥ್ಗೆ ದಾಖಲಿಸಿದ್ದಾನೆ. ನೆನೆಯುವ ಹೆಸರುಗಳ ಸಾಲಿನಲ್ಲಿ ಯಾರಿಗೆ ಸ್ಥಾನವುಂಟು, ಯಾರಿಗೆ ಇಲ್ಲ ಎಂಬಲ್ಲಿಯೇ ಒಂದು ಪ್ರಾರ್ಥನೆಗೂ ಇನ್ನೊಂದಕ್ಕೂ ವ್ಯತ್ಯಾಸ ಹುಟ್ಟುತ್ತದೆಂದು ನನ್ನ ಅಭಿಪ್ರಾಯ.

1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲುವ ಯತ್ನ ವಿಫಲವಾದ ಮೇಲೆ ಆ ಸಂಚಿನೊಡನೆ ಬಾನ್‌ಹಾಫರನ ಸಂಬಂಧ ಹೊರಬಿದ್ದಿತು. ಅಕ್ಟೋಬರಿನಲ್ಲಿ ಅವನನ್ನು ಗೆಸ್ಟಪೊ ನೆಲಮನೆಗೆ ಸಾಗಿಸಿದರು. ಮುಂದಿನ ವರ್ಷ ಬೂಕನ್‌ವಾಲ್ಡ್, ಅಲ್ಲಿಂದ ಬವೇರಿಯಾ. 1945ರ ಏಪ್ರಿಲ್ 9ರ ನಸುಕಿನಲ್ಲಿ ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಎರಡು ವಾರಗಳಲ್ಲಿ ಅಮೆರಿಕನ್ ಸೈನ್ಯ ಅಲ್ಲಿಗೆ ಬಂದಿತು. ಗಲ್ಲಿಗೆ ಹೋಗುವ ಮುನ್ನ ಅವನು ಮೊಣಕಾಲೂರಿ ಪ್ರಾರ್ಥಿಸಿದನೆಂದು ಶಿಬಿರದ ವೈದ್ಯನೊಬ್ಬನು ಹಲವು ವರ್ಷಗಳ ತರುವಾಯ ಬರೆದ ಹೇಳಿಕೆ ಬಹು ಪ್ರಸಿದ್ಧವಾಗಿದೆ. ಅದರ ವಿಶ್ವಾಸಾರ್ಹತೆಯನ್ನು ಈಚಿನ ಸಂಶೋಧಕರು ಶಂಕಿಸಿದ್ದಾರೆ. ಆ ಚಿತ್ರವನ್ನು ಬಿಟ್ಟುಬಿಟ್ಟರೂ ನಮ್ಮ ವಿಷಯಕ್ಕೆ ಕೊರತೆಯಿಲ್ಲ. ಟೆಗೆಲ್ಲಿನ ಹದಿನೆಂಟು ತಿಂಗಳ ಬೆಳಗುಗಳಿಗೆ ಅವನ ಪತ್ರಗಳ ಸಾಕ್ಷ್ಯವಿದೆ.

ಆ ಪತ್ರಗಳನ್ನೂ ಪ್ರಾರ್ಥನೆಗಳನ್ನೂ ಬೆಥ್ಗೆ 1951ರಲ್ಲಿ ಜರ್ಮನ್ ಭಾಷೆಯಲ್ಲಿ ಸಂಪಾದಿಸಿ ಪ್ರಕಟಿಸಿದನು. ಕೈದಿಗಳಿಗೆಂದು ಬರೆದ ಪ್ರಾತಃಪ್ರಾರ್ಥನೆಯ ಮೊದಲ ಮಾತುಗಳಿಗೆ ಫ್ರಾನ್ಸಿನ ತೇಜೆ ಎಂಬ ಹಳ್ಳಿಯಲ್ಲಿರುವ ಸೋದರರ ಆಶ್ರಮದವರು ಸರಳವಾದ ಒಂದು ಧಾಟಿ ಕಟ್ಟಿದ್ದಾರೆ. ನಾನಾ ದೇಶಗಳಿಂದ ಅಲ್ಲಿಗೆ ಬರುವ ತರುಣರು ಅದನ್ನು ಹಾಡುತ್ತಾರೆ. ಅವರಲ್ಲಿ ಜರ್ಮನರೂ ಇರುತ್ತಾರೆ, ಜರ್ಮನರ ಬಾಂಬುಗಳಿಗೆ ಸಿಕ್ಕ ಊರುಗಳವರ ಮೊಮ್ಮಕ್ಕಳೂ ಇರುತ್ತಾರೆ.